ಸಂವಿಧಾನದಲ್ಲಿ ಹಳ್ಳಿಯ ಸ್ಥಾನ: ಒಂದು ರಾಜಿಯ ಚರಿತ್ರೆ

(ಘಟ್ಟದ ಹಳ್ಳಿಗಳ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನಡೆದ ಅಧ್ಯಯನ ಶಿಬಿರದ ಉಪನ್ಯಾಸದ ಪಠ್ಯ)



ಗ್ರಾಮಸಭೆಯಲ್ಲಿ ಒಂದು ಠರಾವು ಅಂಗೀಕಾರವಾಗುತ್ತದೆ. ಊರಿನ ನೀರಿನ ಮೂಲವಾಗಿರುವ ಗುಡ್ಡವನ್ನು ಕಲ್ಲುಗಣಿಗೆ ಕೊಡಬಾರದೆಂದು ಎಲ್ಲರೂ ಒಮ್ಮತದಿಂದ ತೀರ್ಮಾನಿಸುತ್ತಾರೆ. ಕಾರ್ಯದರ್ಶಿಗಳು ನಡಾವಳಿ ಪುಸ್ತಕದಲ್ಲಿ ಬರೆಯುತ್ತಾರೆ, ಹಾಜರಿದ್ದವರು ಸಹಿ ಹಾಕುತ್ತಾರೆ, ಪ್ರತಿ ಮೇಲಿನ ಕಚೇರಿಗೆ ಹೋಗುತ್ತದೆ. ಕೆಲವು ತಿಂಗಳ ನಂತರ, ಸದರಿ ವಿಷಯವು ಪಂಚಾಯತಿಯ ವ್ಯಾಪ್ತಿಗೆ ಬರುವುದಿಲ್ಲವೆಂಬ ಹಿಂಬರಹ ಬರುತ್ತದೆ. ಏನೂ ಬಾರದಿರುವುದೂ ಉಂಟು. ಘಟ್ಟದ ಹಳ್ಳಿಗಳಿಗೆ ಈ ಅನುಭವ ಅಪರಿಚಿತವಲ್ಲ. ಹಿಂಬರಹ ಬರೆದ ಗುಮಾಸ್ತರನ್ನು ದೂರಿ ಪ್ರಯೋಜನವಿಲ್ಲ. ಹಳ್ಳಿಯ ಮಾತಿಗೆ ಎಷ್ಟು ತೂಕವಿರಬೇಕೆಂಬುದು 1946ರಿಂದ 1949ರವರೆಗೆ ದೆಹಲಿಯಲ್ಲಿ ಸೇರಿದ್ದ ಸಂವಿಧಾನ ರಚನಾ ಸಭೆಯಲ್ಲಿ ವಾದಕ್ಕೆ ಬಂದು, ಚೌಕಾಸಿಗೆ ಒಳಗಾಗಿ, ಕೊನೆಗೆ ಒಂದು ರಾಜಿಯಲ್ಲಿ ನಿಂತ ಸಂಗತಿ. ಆ ರಾಜಿ ಹೇಗಾಯಿತು, ಅದರಲ್ಲಿ ಹಳ್ಳಿಗೆ ಏನು ದಕ್ಕಿತು, ಏನು ದಕ್ಕಲಿಲ್ಲ ಎಂಬುದೇ ಈ ಉಪನ್ಯಾಸದ ವಿಷಯ.

ಸಂವಿಧಾನ ರಚನಾ ಸಭೆಯು ಮೊದಲ ಬಾರಿಗೆ ಸೇರಿದ್ದು 1946ರ ಡಿಸೆಂಬರ್ 9ರಂದು. ಅದರ ಸದಸ್ಯರನ್ನು ಜನ ನೇರವಾಗಿ ಆರಿಸಿರಲಿಲ್ಲ. ಪ್ರಾಂತ್ಯಗಳ ಶಾಸನಸಭೆಗಳು ಆರಿಸಿದ್ದವು; ಆ ಶಾಸನಸಭೆಗಳಿಗೋ ಆಸ್ತಿ, ತೆರಿಗೆ, ವಿದ್ಯೆಗಳ ಆಧಾರದ ಮೇಲೆ ಮತಾಧಿಕಾರ ಪಡೆದಿದ್ದವರು ಮಾತ್ರ ಮತ ಹಾಕಿದ್ದರು. ಬ್ರಿಟಿಷ್ ಪ್ರಾಂತ್ಯಗಳಿಗೆ 296, ದೇಶೀಯ ಸಂಸ್ಥಾನಗಳಿಗೆ 93, ಒಟ್ಟು 389 ಸ್ಥಾನಗಳು ನಿಗದಿಯಾಗಿದ್ದವು. ಮುಸ್ಲಿಂ ಲೀಗಿನ ಸದಸ್ಯರು ಆರಂಭದ ದಿನ ಬರಲೇ ಇಲ್ಲ, ಸಂಸ್ಥಾನಗಳ ಪ್ರತಿನಿಧಿಗಳೂ ಇನ್ನೂ ಬಂದಿರಲಿಲ್ಲ. ಕೂಲಿಕಾರರು, ಗೇಣಿದಾರರು, ಕಾಡಿನೊಳಗಿನ ಜನ ಅಲ್ಲಿ ತಮ್ಮ ಮತದಿಂದ ಕೂತವರಲ್ಲ. ಈ ಕೊರತೆಯನ್ನು ಮರೆಯಬಾರದು. ಆದರೆ ಇದೇ ಸಭೆ 21 ವರ್ಷ ತುಂಬಿದ ಪ್ರತಿಯೊಬ್ಬ ಗಂಡಸಿಗೂ ಹೆಂಗಸಿಗೂ ಒಂದೇ ತೂಕದ ಮತವನ್ನು ಕೊಟ್ಟಿತೆಂಬುದನ್ನೂ ಮರೆಯಬಾರದು. ತಮ್ಮನ್ನು ಆರಿಸಿದ ಸಣ್ಣ ಮತದಾರವರ್ಗವನ್ನು ಮೀರಿ ಯೋಚಿಸುವ ಶಕ್ತಿ ಆ ಸದಸ್ಯರಿಗಿತ್ತು.

ಮೊದಲಿಗೆ ಇದ್ದ ಯೋಜನೆಯಲ್ಲಿ ಕೇಂದ್ರ ದುರ್ಬಲವಾಗಿತ್ತು. 1946ರ ಕ್ಯಾಬಿನೆಟ್ ಆಯೋಗವು ರಕ್ಷಣೆ, ವಿದೇಶಾಂಗ, ಸಂಪರ್ಕ ಇಷ್ಟನ್ನು ದೆಹಲಿಗೆ ಬಿಟ್ಟು, ಉಳಿದುದನ್ನು ಪ್ರಾಂತ್ಯಗಳಿಗೆ ಕೊಡುವ ಮಾತನಾಡಿತ್ತು. ಮುಸ್ಲಿಂ ಲೀಗನ್ನು ಒಳಗೆ ಉಳಿಸಿಕೊಳ್ಳಲು ಮಾಡಿದ ಏರ್ಪಾಡು ಅದು. 1947ರ ಜೂನ್ 3ರಂದು ದೇಶವಿಭಜನೆ ಘೋಷಣೆಯಾದೊಡನೆ ಆ ರಾಜಿಗೆ ಅರ್ಥವಿಲ್ಲದಾಯಿತು. ಗಲಭೆ, ನಿರಾಶ್ರಿತರ ಪ್ರವಾಹ, ಆಹಾರದ ಅಭಾವ, ಸಂಸ್ಥಾನಗಳ ವಿಲೀನದ ತಲೆನೋವು ಇವೆಲ್ಲ ಬಲಿಷ್ಠ ಕೇಂದ್ರವೇ ಬೇಕೆಂಬ ನಿಲುವನ್ನು ಗಟ್ಟಿಗೊಳಿಸಿದವು. ಪ್ರಾಂತ್ಯಗಳಿಗೇ ಅಧಿಕಾರ ಕಡಿಮೆಯಾದ ಮೇಲೆ ಹಳ್ಳಿಯ ಗತಿಯನ್ನು ಕೇಳುವವರು ಯಾರು? ಹಳ್ಳಿಯ ಪ್ರಶ್ನೆ ಸಭೆಯ ಮುಂದೆ ಬಂದದ್ದು ಇಂತಹ ವಾತಾವರಣದಲ್ಲಿ.

ಕರಡು ಸಮಿತಿ 1947ರ ಆಗಸ್ಟ್ 29ರಂದು ನೇಮಕವಾಯಿತು. ಡಾ. ಬಿ.ಆರ್. ಅಂಬೇಡ್ಕರ್ ಅದರ ಅಧ್ಯಕ್ಷರಾದರು. ದಕ್ಷಿಣ ಕನ್ನಡ ಮೂಲದ ಸರ್ ಬೆನಗಲ್ ನರಸಿಂಗ ರಾಯರು ಸಂವಿಧಾನ ಸಲಹೆಗಾರರಾಗಿ ಮೊದಲ ಕರಡನ್ನು ಸಿದ್ಧಪಡಿಸಿಕೊಟ್ಟಿದ್ದರು. ಮೈಸೂರಿನ ದಿವಾನರಾಗಿದ್ದ ಎನ್. ಮಾಧವರಾಯರು ಮುಂದೆ ಸಮಿತಿಯ ಸದಸ್ಯರಾದರು. 1948ರ ಫೆಬ್ರವರಿಯಲ್ಲಿ ಕರಡು ಪ್ರಕಟವಾದಾಗ ಹಲವರಿಗೆ ಆಶ್ಚರ್ಯವಾಯಿತು. ಮೂವತ್ತು ವರ್ಷಗಳ ಕಾಲ ಗ್ರಾಮಸ್ವರಾಜ್ಯದ ಮಾತನಾಡಿದ ಚಳವಳಿಯ ಫಲವಾಗಿ ಹುಟ್ಟಿದ ಆ ದಸ್ತಾವೇಜಿನಲ್ಲಿ ಗ್ರಾಮ ಪಂಚಾಯತಿಯ ಪ್ರಸ್ತಾಪವೇ ಇರಲಿಲ್ಲ. ಗಾಂಧೀಜಿ ತೀರಿಕೊಂಡು ಆಗ ಇನ್ನೂ ಒಂದು ತಿಂಗಳೂ ತುಂಬಿರಲಿಲ್ಲ.

ಬೇರೆ ದಾರಿ ಇರಲಿಲ್ಲವೆಂದಲ್ಲ. ಶ್ರೀಮನ್ನಾರಾಯಣ ಅಗರವಾಲರು 1946ರಲ್ಲಿಯೇ ಗಾಂಧೀ ವಿಚಾರದ ಆಧಾರದ ಮೇಲೆ ಒಂದು ಸಂವಿಧಾನದ ನಕ್ಷೆಯನ್ನು ಪುಸ್ತಕವಾಗಿ ತಂದಿದ್ದರು. ಗಾಂಧೀಜಿಯೇ ಅದಕ್ಕೆ ಮುನ್ನುಡಿ ಬರೆದಿದ್ದರು. ಆ ನಕ್ಷೆಯಲ್ಲಿ ಊರಿನ ವಯಸ್ಕರೆಲ್ಲ ಸೇರಿ ಪಂಚಾಯತಿಯನ್ನು ಆರಿಸುತ್ತಾರೆ. ಮೇಲಿನ ಮಂಡಲಗಳನ್ನು ಕೆಳಗಿನ ಪಂಚಾಯತಿಗಳೇ ಆರಿಸುತ್ತವೆ. ಸಭೆಯ ಅಧ್ಯಕ್ಷರಾಗಿದ್ದ ರಾಜೇಂದ್ರ ಪ್ರಸಾದರಿಗೂ ಹಳ್ಳಿಯಿಂದ ಆರಂಭವಾಗಿ ಕೇಂದ್ರದವರೆಗೆ ಏರುವ ಸಂವಿಧಾನ ಇಷ್ಟವಾಗಿತ್ತು. 1948ರ ಮೇ ತಿಂಗಳಲ್ಲಿ ಅವರು ಈ ಬಗ್ಗೆ ನರಸಿಂಗ ರಾಯರಿಗೆ ಪತ್ರ ಬರೆದರು. ರಾಯರ ಉತ್ತರ ವಿನಯಪೂರ್ವಕವಾಗಿತ್ತು, ಆದರೆ ಖಚಿತವಾಗಿತ್ತು: ಕೆಳಮನೆಗಳಿಗೆ ನೇರ ಚುನಾವಣೆಯೆಂದು ಸಭೆ ಆಗಲೇ ತೀರ್ಮಾನಿಸಿದೆ, ಈ ಹಂತದಲ್ಲಿ ಇಡೀ ಕಟ್ಟಡವನ್ನು ಬದಲಿಸುವುದು ಸುಲಭವಲ್ಲ. ಹಳ್ಳಿಯ ಪ್ರಶ್ನೆ ತಡವಾಗಿ ಬಂತು ಎಂಬುದು ನಿಜ. ಯಾಕೆ ತಡವಾಯಿತೆಂದು ಕೇಳಿದರೆ, ಸಭೆಯಲ್ಲಿ ಗ್ರಾಮಸ್ವರಾಜ್ಯವನ್ನು ಹೊಗಳುವವರು ಅನೇಕರಿದ್ದರೂ ಅದನ್ನು ವಿಧಿಗಳ ಭಾಷೆಯಲ್ಲಿ ಬರೆದು ಸಕಾಲದಲ್ಲಿ ಮೇಜಿನ ಮೇಲಿಡುವವರು ಕಡಿಮೆ ಇದ್ದರು ಎಂದೇ ಹೇಳಬೇಕಾಗುತ್ತದೆ.

1948ರ ನವೆಂಬರ್ 4ರಂದು ಅಂಬೇಡ್ಕರ್ ಅವರು ಕರಡನ್ನು ಸಭೆಯ ಮುಂದಿಟ್ಟು ದೀರ್ಘವಾಗಿ ಮಾತನಾಡಿದರು. ಹಳ್ಳಿಯನ್ನು ಕೈಬಿಟ್ಟ ಆಕ್ಷೇಪಕ್ಕೆ ಅವರು ಕ್ಷಮೆ ಕೇಳಲಿಲ್ಲ, ಸಬೂಬು ಹೇಳಲಿಲ್ಲ. ಭಾರತದ ಗ್ರಾಮಸಮುದಾಯಗಳು ರಾಜರು ಬಂದು ಹೋದರೂ ಉಳಿದುವೆಂದು ಬ್ರಿಟಿಷ್ ಅಧಿಕಾರಿ ಮೆಟ್‌ಕಾಫ್ ಬರೆದಿದ್ದ ಹೊಗಳಿಕೆಯನ್ನು ಎತ್ತಿಕೊಂಡು, ಬರಿದೇ ಉಳಿದುಕೊಂಡದ್ದರಿಂದ ಏನು ಬೆಲೆ, ಯಾವ ಮಟ್ಟದಲ್ಲಿ ಉಳಿದುಕೊಂಡವು ಎಂದು ಪ್ರಶ್ನಿಸಿದರು. ಹಳ್ಳಿಯೆಂಬುದು ಸಂಕುಚಿತತೆಯ ಕೊಚ್ಚೆ, ಅಜ್ಞಾನ ಮತ್ತು ಕೋಮುಭಾವನೆಗಳ ಗವಿ ಎಂಬ ಅರ್ಥದ ಕಠಿಣವಾದ ಮಾತನ್ನು ಆಡಿದರು. ಕರಡು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ತನ್ನ ಘಟಕವಾಗಿ ಆರಿಸಿಕೊಂಡದ್ದು ತಮಗೆ ಸಂತೋಷವೆಂದೂ ಹೇಳಿದರು.

ಪರಿಸರ ಚಳವಳಿಯ ವೇದಿಕೆಗಳಲ್ಲಿ ಈ ಮಾತನ್ನು ಉಲ್ಲೇಖಿಸುವಾಗ ಒಂದು ಬಗೆಯ ಮುಜುಗರ ಕಾಣಿಸುತ್ತದೆ. ಬೇಗ ದಾಟಿ ಮುಂದಕ್ಕೆ ಹೋಗುವುದೇ ರೂಢಿ. ಹಾಗೆ ದಾಟಬಾರದು. ಅಂಬೇಡ್ಕರ್ ಕಂಡ ಹಳ್ಳಿಯಲ್ಲಿ ಕೆರೆಯ ನೀರು ಎಲ್ಲರದಾಗಿರಲಿಲ್ಲ. ಮಲೆನಾಡಿನ ಹಳ್ಳಿಯೂ ಬೇರೆಯಾಗಿರಲಿಲ್ಲ. ಒಡೆಯರು ಜಗಲಿಯ ಮೇಲೆ ಕುಳಿತು ತೀರ್ಮಾನ ಹೇಳುತ್ತಿದ್ದರು, ಗೇಣಿದಾರರು ಅಂಗಳದಲ್ಲಿ ನಿಂತು ಕೇಳುತ್ತಿದ್ದರು, ಇನ್ನೂ ಕೆಲವರಿಗೆ ಅಂಗಳಕ್ಕೂ ಪ್ರವೇಶವಿರಲಿಲ್ಲ. ಸಂವಿಧಾನ ಜಾರಿಗೆ ಬಂದ ಮರುವರ್ಷವೇ, ಅಂದರೆ 1951ರಲ್ಲಿ, ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಬೇಕಾಯಿತು. ಗೇಣಿ ಭತ್ತವನ್ನು ಅಳೆಯುವ ಕೊಳಗದ ಗಾತ್ರವೇ ಅಲ್ಲಿನ ಕಲಹದ ಮೂಲ. ಊರಿನ ಪಂಚಾಯಿತಿಕೆಯಿಂದ ಆ ಕೊಳಗ ಸರಿಹೋಗಲಿಲ್ಲ. ಗೇಣಿ ಪದ್ಧತಿ ಕೊನೆಗೊಳ್ಳಲು 1974ರ ಭೂಸುಧಾರಣಾ ಕಾಯಿದೆಯ ತಿದ್ದುಪಡಿ ಬರಬೇಕಾಯಿತು. ಅಂದರೆ ಹಳ್ಳಿಯೊಳಗಿನ ದುರ್ಬಲನಿಗೆ ಹಳ್ಳಿಯ ಹೊರಗಿನ ಕಾನೂನೇ ಆಸರೆಯಾಯಿತು. ಅಂಬೇಡ್ಕರ್ ಅವರ ಆತಂಕ ಪುಸ್ತಕದಿಂದ ಬಂದದ್ದಲ್ಲ.

ಆದರೂ ಸಭೆ ಕೆರಳಿತು. ಮರುದಿನ ಎಚ್.ವಿ. ಕಾಮತರು ಎದ್ದು, ಇದು ನಗರದ ಪಂಡಿತರ ಧೋರಣೆ ಎಂದು ನೇರವಾಗಿ ಟೀಕಿಸಿದರು. ಮಂಗಳೂರಿನಲ್ಲಿ ಹುಟ್ಟಿ, ಐ.ಸಿ.ಎಸ್. ಹುದ್ದೆಯನ್ನು ಬಿಟ್ಟು ಸುಭಾಷರ ಹಿಂದೆ ಹೋಗಿದ್ದ ಕಾಮತರು ಸಭೆಯಲ್ಲಿ ಎಲ್ಲರನ್ನೂ ಕೆಣಕುವುದರಲ್ಲಿ ಹೆಸರಾದವರು. ಎನ್.ಜಿ. ರಂಗಾ, ಟಿ. ಪ್ರಕಾಶಂ ಮೊದಲಾದವರೂ ಹಳ್ಳಿಯ ಪರವಾಗಿ ಮಾತನಾಡಿದರು. ಇವರ ಮಾತುಗಳಲ್ಲಿ ಭಾವುಕತೆ ಹೆಚ್ಚಿತ್ತು, ಹಳ್ಳಿಯೊಳಗಿನ ಅಸಮಾನತೆಗೆ ಉತ್ತರ ಕಡಿಮೆ ಇತ್ತು. ಎರಡೂ ಪಕ್ಷಗಳು ತಮಗೆ ತಿಳಿದ ಅರ್ಧ ಹಳ್ಳಿಯನ್ನು ವರ್ಣಿಸುತ್ತಿದ್ದವು.

ರಾಜಿ ನಡೆದದ್ದು 1948ರ ನವೆಂಬರ್ 22ರಂದು. ಮದರಾಸಿನ ಕೆ. ಸಂತಾನಂ ಅವರು ಒಂದು ತಿದ್ದುಪಡಿಯನ್ನು ಮಂಡಿಸಿದರು. ರಾಜ್ಯವು ಗ್ರಾಮ ಪಂಚಾಯತಿಗಳನ್ನು ಸಂಘಟಿಸಲು ಕ್ರಮ ಕೈಗೊಳ್ಳತಕ್ಕದ್ದು, ಅವು ಸ್ವಯಮಾಡಳಿತದ ಘಟಕಗಳಾಗಿ ಕೆಲಸ ಮಾಡಲು ಅಗತ್ಯವಾದ ಅಧಿಕಾರವನ್ನು ಕೊಡತಕ್ಕದ್ದು ಎಂಬುದು ಅದರ ಸಾರ. ಅಂಬೇಡ್ಕರ್ ಎದ್ದು, ತಿದ್ದುಪಡಿಯನ್ನು ಒಪ್ಪುತ್ತೇನೆಂದು ಚುಟುಕಾಗಿ ಹೇಳಿ ಕುಳಿತರು. ಹದಿನೆಂಟು ದಿನಗಳ ಹಿಂದೆ ಅಷ್ಟು ಕಟುವಾಗಿ ಮಾತನಾಡಿದವರು ಇಷ್ಟು ಸುಲಭವಾಗಿ ಹೇಗೆ ಒಪ್ಪಿದರು? ತಿದ್ದುಪಡಿ ಯಾವ ಜಾಗಕ್ಕೆ ಸೇರಿತೆಂಬುದರಲ್ಲಿ ಉತ್ತರವಿದೆ. ಅದು ಸೇರಿದ್ದು ರಾಜ್ಯನೀತಿಯ ನಿರ್ದೇಶಕ ತತ್ತ್ವಗಳ ಭಾಗಕ್ಕೆ; ಅದೇ ಇಂದಿನ 40ನೆಯ ವಿಧಿ. 37ನೆಯ ವಿಧಿಯ ಪ್ರಕಾರ ಆ ತತ್ತ್ವಗಳು ದೇಶದ ಆಡಳಿತಕ್ಕೆ ಮೂಲಭೂತವಾದವು, ಆದರೆ ಅವುಗಳ ಜಾರಿಗಾಗಿ ಯಾರೂ ನ್ಯಾಯಾಲಯದ ಮೆಟ್ಟಿಲು ಹತ್ತುವಂತಿಲ್ಲ. ಹಳ್ಳಿ ಸಂವಿಧಾನದೊಳಗೆ ಬಂತು, ಜಾರಿಗೊಳಿಸುವ ಹೊಣೆ ಹೊರಗೆ ಉಳಿಯಿತು. ಸ್ಥಳೀಯ ಆಡಳಿತವೆಂಬ ವಿಷಯ ರಾಜ್ಯಪಟ್ಟಿಗೆ ಹೋದದ್ದರಿಂದ, ಪಂಚಾಯತಿಗೆ ಎಷ್ಟು ಅಧಿಕಾರವೆಂಬುದು ಪ್ರತಿ ರಾಜ್ಯ ಸರ್ಕಾರದ ಮರ್ಜಿಗೆ ಬಿಟ್ಟ ಸಂಗತಿಯಾಯಿತು.

ನಿರ್ದೇಶಕ ತತ್ತ್ವಗಳ ಈ ದೌರ್ಬಲ್ಯ ಸದಸ್ಯರಿಗೆ ತಿಳಿಯದೆ ಆದದ್ದಲ್ಲ. ಪ್ರೊ. ಕೆ.ಟಿ. ಷಾ ಅವರು ಇವನ್ನು, ಬ್ಯಾಂಕಿಗೆ ಅನುಕೂಲವಾದಾಗ ಮಾತ್ರ ಹಣ ಕೊಡುವ ಚೆಕ್ಕಿಗೆ ಹೋಲಿಸಿದರು. ಟಿ.ಟಿ. ಕೃಷ್ಣಮಾಚಾರಿಯವರು ಭಾವನೆಗಳನ್ನೆಲ್ಲ ತುಂಬುವ ಕಸದ ಬುಟ್ಟಿ ಎಂಬಂತೆ ಹಳಿದರು. ಐರಿಷ್ ಸಂವಿಧಾನದಿಂದ ಪಡೆದ ಈ ಏರ್ಪಾಡು ಕರಡುಕಾರರಿಗೆ ಬಹಳ ಉಪಯುಕ್ತವಾಗಿತ್ತು. ಒಮ್ಮತ ಬಾರದ, ಖರ್ಚಿನ, ಕಷ್ಟದ ವಿಷಯಗಳನ್ನೆಲ್ಲ ನಿರಾಕರಿಸದೆ, ಜಾರಿಗೊಳಿಸದೆ, ಅಲ್ಲಿ ಇರಿಸಬಹುದಿತ್ತು. ಮಾಡಿನ ಅಟ್ಟದ ಮೇಲೆ ಇಟ್ಟ ಬೀಜದ ಭತ್ತದ ಹಾಗೆ ಅದು; ಬಿತ್ತಿದರೆ ಬೆಳೆ, ಮರೆತರೆ ಇಲಿಗೆ ಆಹಾರ.

ಇದೇ ಭಾಗದ ಇನ್ನೊಂದು ಚರ್ಚೆ ಗುಡ್ಡಗಾಡಿನ ಜನರಿಗೆ ಹತ್ತಿರವಾದದ್ದು. ಪಾನನಿರೋಧದ ತತ್ತ್ವ ಚರ್ಚೆಗೆ ಬಂದಾಗ, 1948ರ ನವೆಂಬರ್ 24ರಂದು, ಛೋಟಾನಾಗಪುರದ ಆದಿವಾಸಿ ನಾಯಕ ಜೈಪಾಲ್ ಸಿಂಗ್ ಒಬ್ಬರೇ ಎಂಬಂತೆ ಎದುರು ನಿಂತರು. ಅಕ್ಕಿಯ ಮದ್ಯ ಆದಿವಾಸಿಗಳ ಪೂಜೆಯ ಭಾಗವೆಂದೂ, ಮಳೆಯಲ್ಲಿ ನೆನೆಯುತ್ತ, ಕೆಸರುನೀರಿನಲ್ಲಿ ನಿಂತು ನಾಟಿ ಮಾಡುವ ಸಂತಾಲರಿಗೆ ಅದು ಇಲ್ಲದೆ ನಾಟಿಯೇ ನಡೆಯದೆಂದೂ ವಾದಿಸಿದರು. ಆಷಾಢದ ಮಳೆಯಲ್ಲಿ ಗದ್ದೆಗೆ ಇಳಿದವರಿಗೆ ಈ ವಾದದ ಅರ್ಥ ಆಗುತ್ತದೆ. ದೆಹಲಿಯ ಸಭಾಂಗಣಕ್ಕೆ ಎಷ್ಟು ಅರ್ಥವಾಯಿತೋ ಹೇಳುವುದು ಕಷ್ಟ. ಪಾನನಿರೋಧ 47ನೆಯ ವಿಧಿಯಾಗಿ ಉಳಿಯಿತು.

ಈ ಜೈಪಾಲ್ ಸಿಂಗರು 1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸಿನಲ್ಲಿ ಭಾರತದ ಹಾಕಿ ತಂಡದ ನಾಯಕರಾಗಿದ್ದವರು, ಆಕ್ಸ್‌ಫರ್ಡಿನಲ್ಲಿ ಓದಿದವರು. 1946ರ ಡಿಸೆಂಬರ್ 19ರಂದು, ನೆಹರೂ ಮಂಡಿಸಿದ ಧ್ಯೇಯಗಳ ನಿರ್ಣಯದ ಮೇಲೆ ಮಾತನಾಡುತ್ತ, ತಾವು ಕಾಡಿನವನೆಂದು ಕರೆಸಿಕೊಳ್ಳಲು ಹೆಮ್ಮೆಪಡುವುದಾಗಿ ಆರಂಭಿಸಿದ್ದರು. ಆದಿವಾಸಿಗಳಿಗೆ ಪ್ರಜಾಪ್ರಭುತ್ವವನ್ನು ಯಾರೂ ಕಲಿಸಬೇಕಾಗಿಲ್ಲ, ಅವರಿಂದಲೇ ಕಲಿಯಬೇಕಾಗಿದೆ ಎಂಬುದು ಅವರ ಮಾತಿನ ತಿರುಳು. ತಮ್ಮ ಜನರ ಇತಿಹಾಸವೆಲ್ಲ ಶೋಷಣೆ ಮತ್ತು ದಂಗೆಗಳ ಇತಿಹಾಸವೆಂದು ಹೇಳಿದ ಮೇಲೂ, ಹೊಸ ಅಧ್ಯಾಯ ಆರಂಭವಾಗುತ್ತದೆಂಬ ನೆಹರೂ ಮಾತನ್ನು ನಂಬುತ್ತೇವೆಂದರು.

ಆ ನಂಬಿಕೆಗೆ ಸಂವಿಧಾನ ಕೊಟ್ಟ ಉತ್ತರ ಎರಡು ಬಗೆಯದು. ಅಸ್ಸಾಮಿನ ಗುಡ್ಡಗಾಡಿನ ಬಗ್ಗೆ ವರದಿ ಮಾಡಿದ ಉಪಸಮಿತಿಗೆ ಗೋಪಿನಾಥ ಬರ್ದೊಲೋಯ್ ಅಧ್ಯಕ್ಷರಾಗಿದ್ದರು. ಖಾಸಿ ನಾಯಕ ಜೆ.ಜೆ.ಎಂ. ನಿಕೋಲ್ಸ್ ರಾಯ್ ಅದರಲ್ಲಿದ್ದರು. ಅವರ ಶಿಫಾರಸಿನಿಂದ ಬಂದದ್ದು 6ನೆಯ ಅನುಸೂಚಿ. ಅದರಲ್ಲಿ ಸ್ವಾಯತ್ತ ಜಿಲ್ಲಾ ಪರಿಷತ್ತುಗಳಿಗೆ ಭೂಮಿ, ಕಾಯ್ದಿಟ್ಟ ಅರಣ್ಯವಲ್ಲದ ಕಾಡು, ಝೂಮ್ ಸಾಗುವಳಿ, ಗ್ರಾಮ ಪರಿಷತ್ತು, ಉತ್ತರಾಧಿಕಾರ ಮೊದಲಾದ ವಿಷಯಗಳಲ್ಲಿ ಕಾನೂನು ಮಾಡುವ ಅಧಿಕಾರವೇ ದೊರೆಯಿತು. ದೇಶದ ಉಳಿದ ಬುಡಕಟ್ಟು ಪ್ರದೇಶಗಳ ಬಗ್ಗೆ ವರದಿ ಮಾಡಿದ್ದು ಎ.ವಿ. ಠಕ್ಕರರ ಉಪಸಮಿತಿ. ಅದರ ಫಲ 5ನೆಯ ಅನುಸೂಚಿ. ಅಲ್ಲಿ ರಾಜ್ಯಪಾಲರಿಗೆ ವಿಶೇಷ ಹೊಣೆ, ಬುಡಕಟ್ಟುಗಳಿಗೆ ಒಂದು ಸಲಹಾ ಪರಿಷತ್ತು. 1949ರ ಸೆಪ್ಟೆಂಬರ್ 5ರಂದು ಈ ಅನುಸೂಚಿಯ ಪರಿಷ್ಕೃತ ರೂಪ ಸಭೆಯ ಮುಂದೆ ಬಂದಾಗ, ಹಿಂದಿನ ಕರಡಿನಲ್ಲಿ ಸಲಹಾ ಪರಿಷತ್ತಿಗಿದ್ದ ಬಲವನ್ನು ಕುಗ್ಗಿಸಲಾಗಿದೆಯೆಂದು ಜೈಪಾಲ್ ಸಿಂಗ್ ಆಕ್ಷೇಪಿಸಿದರು. ಆಕ್ಷೇಪ ದಾಖಲಾಯಿತು, ಅನುಸೂಚಿ ಅಂಗೀಕಾರವಾಯಿತು. ಗಡಿಯ ಗುಡ್ಡಕ್ಕೆ ಸ್ವಯಮಾಡಳಿತ, ಒಳನಾಡಿನ ಗುಡ್ಡಕ್ಕೆ ಸಲಹೆ: ಈ ಭೇದಕ್ಕೆ ಗಡಿಯ ಭದ್ರತೆಯ ಚಿಂತೆಯೂ, ನಾಗಾ ಗುಡ್ಡಗಳಲ್ಲಿ ಆಗಲೇ ಕೇಳಿಬರುತ್ತಿದ್ದ ಪ್ರತ್ಯೇಕತೆಯ ಕೂಗೂ ಕಾರಣವಾಗಿದ್ದವು. ಕೂಗಿದವರಿಗೆ ಸ್ವಲ್ಪ ಹೆಚ್ಚು ಸಿಕ್ಕಿತು ಎಂದರೆ ತಪ್ಪಾಗದು.

ಪಶ್ಚಿಮಘಟ್ಟದ ಸ್ಥಿತಿ ಮತ್ತೂ ಬೇರೆ. ಮಹಾರಾಷ್ಟ್ರದಿಂದ ದಕ್ಷಿಣಕ್ಕೆ ಘಟ್ಟದ ಒಂದು ಹಳ್ಳಿಯೂ 5ನೆಯ ಅನುಸೂಚಿಯ ಪ್ರದೇಶವಾಗಲಿಲ್ಲ. ಜೇನುಕುರುಬರು, ಸೋಲಿಗರು, ಮಲೆಕುಡಿಯರು ಬುಡಕಟ್ಟುಗಳ ಪಟ್ಟಿಯಲ್ಲಿದ್ದಾರೆ, ಅವರ ನೆಲ ಮಾತ್ರ ಪಟ್ಟಿಯಲ್ಲಿಲ್ಲ. ಈಶಾನ್ಯದ ಝೂಮ್ ಸಾಗುವಳಿಯನ್ನು ಅಲ್ಲಿನ ಪರಿಷತ್ತುಗಳೇ ನಿಯಂತ್ರಿಸಬಹುದೆಂದು ಸಂವಿಧಾನದಲ್ಲಿ ಬರೆಯುವ ಹೊತ್ತಿಗೆ, ಘಟ್ಟದ ಕುಮರಿ ಸಾಗುವಳಿ ನಿರ್ಬಂಧಕ್ಕೆ ಒಳಗಾಗಿ ಒಂದು ಶತಮಾನಕ್ಕೆ ಹತ್ತಿರವಾಗಿತ್ತು. ಅದರ ಪರವಾಗಿ ಮಾತನಾಡುವ ಜೈಪಾಲ್ ಸಿಂಗ್ ಘಟ್ಟದಿಂದ ಆ ಸಭೆಗೆ ಹೋಗಿರಲಿಲ್ಲ.

ಹಾಗಾದರೆ ಕನ್ನಡನಾಡಿನಿಂದ ಯಾರು ಹೋಗಿದ್ದರು? ಮುಂಬಯಿ ಪ್ರಾಂತ್ಯದಿಂದ ಎಸ್. ನಿಜಲಿಂಗಪ್ಪ, ಆರ್.ಆರ್. ದಿವಾಕರ, ಮೈಸೂರಿನಿಂದ ಕೆ.ಸಿ. ರೆಡ್ಡಿ, ಕೆ. ಹನುಮಂತಯ್ಯ, ಟಿ. ಸಿದ್ಧಲಿಂಗಯ್ಯ ಮೊದಲಾದವರು, ಕೊಡಗಿನಿಂದ ಸಿ.ಎಂ. ಪೂಣಚ್ಚ. ಅವರ ಮುಂದಿದ್ದ ದೊಡ್ಡ ಪ್ರಶ್ನೆ ಹಂಚಿಹೋದ ಕನ್ನಡ ಪ್ರದೇಶಗಳದು. ಭಾಷಾವಾರು ಪ್ರಾಂತ್ಯಗಳನ್ನು 1948ರ ಡಿಸೆಂಬರಿನಲ್ಲಿ ಧರ್ ಆಯೋಗ ಸದ್ಯಕ್ಕೆ ಬೇಡವೆಂದಿತು. ಕನ್ನಡಿಗರು 1956ರವರೆಗೆ ಕಾಯಬೇಕಾಯಿತು. ಇನ್ನೊಂದು ಸ್ವಾರಸ್ಯವಿದೆ. ಮೈಸೂರು ಸಂಸ್ಥಾನ ತನ್ನದೇ ಒಂದು ಸಂವಿಧಾನ ಸಭೆಯನ್ನು ರಚಿಸಿಕೊಂಡಿತ್ತು. ಬೇರೆ ಸಂವಿಧಾನ ಬೇಡ, ಭಾರತದ ಸಂವಿಧಾನವೇ ಸಾಕೆಂದು ಒಪ್ಪಂದವಾಗಿ, 1949ರ ನವೆಂಬರ್ 25ರಂದು ಮಹಾರಾಜರು ಘೋಷಣೆ ಹೊರಡಿಸಿದರು. ದೆಹಲಿಯಲ್ಲಿ ಕೊನೆಯ ಸುತ್ತಿನ ಚರ್ಚೆ ನಡೆದಾಗ ಹನುಮಂತಯ್ಯನವರು, ವೀಣೆಯ ನಾದ ಬಯಸಿದವರಿಗೆ ಇಂಗ್ಲಿಷ್ ಬ್ಯಾಂಡಿನ ಸದ್ದು ಕೇಳಿಸುತ್ತಿದೆಯೆಂಬ ಅರ್ಥದ ಮಾತನಾಡಿದರು. ಆ ಮಾತು ಬಹಳ ಪ್ರಸಿದ್ಧವಾಯಿತು. ಆದರೆ ವೀಣೆಯ ನಾದಕ್ಕೆ ಸ್ವರಪ್ರಸ್ತಾರ ಬರೆದುಕೊಡುವ ಕೆಲಸ ಬಾಕಿಯೇ ಉಳಿದಿತ್ತು.

ಆಸ್ತಿಯ ಹಕ್ಕಿನ ಬಗ್ಗೆ ನಡೆದ ಜಗ್ಗಾಟವನ್ನು ಚಿಕ್ಕದಾಗಿ ಹೇಳಬಹುದು. ಜಮೀನ್ದಾರಿಯನ್ನು ಕಿತ್ತುಹಾಕಬೇಕೆಂದವರು ಒಂದು ಕಡೆ, ಪರಿಹಾರವಿಲ್ಲದೆ ಆಸ್ತಿ ಮುಟ್ಟಬಾರದೆಂದವರು ಇನ್ನೊಂದು ಕಡೆ. 1949ರ ಸೆಪ್ಟೆಂಬರಿನಲ್ಲಿ ಪರಿಹಾರ ಎಂಬ ಪದವನ್ನು ಇಟ್ಟುಕೊಂಡು, ನ್ಯಾಯವಾದ ಎಂಬ ವಿಶೇಷಣವನ್ನು ಬಿಟ್ಟು, ಇಬ್ಬರಿಗೂ ತಮ್ಮದೇ ಗೆಲುವೆನಿಸುವಂತೆ ವಿಧಿಯನ್ನು ಬರೆಯಲಾಯಿತು. ಆ ರಾಜಿ ಎರಡು ವರ್ಷವೂ ಬಾಳಲಿಲ್ಲ. 1951ರ ಮೊದಲ ತಿದ್ದುಪಡಿಯೇ ಅದನ್ನು ಬದಲಿಸಿತು. 1978ರ 44ನೆಯ ತಿದ್ದುಪಡಿಯಿಂದ ಆಸ್ತಿ ಮೂಲಭೂತ ಹಕ್ಕಾಗಿ ಉಳಿಯಲಿಲ್ಲ.

ಜಗ್ಗಾಟವೇ ಇಲ್ಲದೆ ಆದ ತೀರ್ಮಾನಗಳ ಕಡೆ ಹೆಚ್ಚು ಗಮನ ಕೊಡಬೇಕು. ಹಳ್ಳಿ ಮತ್ತು ಆಸ್ತಿಯ ಬಗ್ಗೆ ನಡೆದಂತಹ ಬಿಸಿಯಾದ ವಾದ ಕಾಡಿನ ಬಗ್ಗೆ ನಡೆಯಲಿಲ್ಲ. 1935ರ ಭಾರತ ಸರ್ಕಾರ ಕಾಯಿದೆಯಲ್ಲಿ ಅರಣ್ಯ ಪ್ರಾಂತ್ಯಗಳ ವಿಷಯವಾಗಿತ್ತು. ಹೊಸ ಸಂವಿಧಾನದಲ್ಲಿ ಅದು ರಾಜ್ಯಪಟ್ಟಿಯ 19ನೆಯ ನಮೂದಾಯಿತು. ಅದರ ಜೊತೆಗೆ 372ನೆಯ ವಿಧಿಯೊಂದಿದೆ. ಬದಲಿಸುವವರೆಗೆ ಅಥವಾ ರದ್ದುಪಡಿಸುವವರೆಗೆ ಹಳೆಯ ಕಾನೂನುಗಳೆಲ್ಲ ಹಾಗೆಯೇ ಮುಂದುವರಿಯತಕ್ಕದ್ದೆಂದು ಅದು ಹೇಳುತ್ತದೆ. ಹೊಸ ರಾಷ್ಟ್ರ ಒಂದು ರಾತ್ರಿಯಲ್ಲಿ ಕಾನೂನಿಲ್ಲದ ನಾಡಾಗಬಾರದೆಂಬ ಕಾಳಜಿಯಿಂದ ಬರೆದ, ಸಮಂಜಸವಾದ ವಿಧಿ ಅದು. ಅದರ ಬಾಗಿಲಿನಿಂದಲೇ 1894ರ ಭೂಸ್ವಾಧೀನ ಕಾಯಿದೆ, 1927ರ ಭಾರತೀಯ ಅರಣ್ಯ ಕಾಯಿದೆ, ಮೈಸೂರಿನ 1900ರ ಅರಣ್ಯ ರೆಗ್ಯುಲೇಷನ್ ಗಣರಾಜ್ಯದೊಳಗೆ ನಡೆದುಬಂದವು. 1950ರ ಜನವರಿ 26ರ ಬೆಳಿಗ್ಗೆ ಘಟ್ಟದ ರೈತರು ಪ್ರಜೆಗಳಿಂದ ಪೌರರಾದರು. ಸೊಪ್ಪಿನ ಬೆಟ್ಟಕ್ಕೆ ಕತ್ತಿ ಹಿಡಿದು ಹೋದಾಗ ಅವರನ್ನು ತಡೆಯುವ ನಿಯಮ ಮಾತ್ರ ನಿನ್ನೆಯದೇ ಆಗಿತ್ತು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಾಗ ಮುಳುಗಿದ ಊರುಗಳನ್ನು ಒಪ್ಪಿಗೆ ಕೇಳಬೇಕೆಂದು ಯಾವ ಕಾನೂನೂ ಹೇಳುತ್ತಿರಲಿಲ್ಲ. 1894ರ ಆ ಕಾಯಿದೆಯ ಜಾಗದಲ್ಲಿ ಹೊಸ ಕಾಯಿದೆ ಬಂದದ್ದು 2013ರಲ್ಲಿ, ಜಾರಿಗೆ ಬಂದದ್ದು 2014ರ ಜನವರಿ 1ರಿಂದ. ಅಷ್ಟರಲ್ಲಿ, 1976ರ 42ನೆಯ ತಿದ್ದುಪಡಿ ಅರಣ್ಯ ಮತ್ತು ವನ್ಯಜೀವಿಗಳನ್ನು ಸಮವರ್ತಿ ಪಟ್ಟಿಗೆ ಒಯ್ದು, ಕಾಡಿನ ಮೇಲಿನ ಮಾತನ್ನು ರಾಜ್ಯದಿಂದಲೂ ಮೇಲಕ್ಕೆ ಏರಿಸಿತ್ತು. ಪರಿಸರ ರಕ್ಷಣೆಯ 48ಎ ವಿಧಿಯನ್ನು ಸೇರಿಸಿದ್ದೂ ಅದೇ ತಿದ್ದುಪಡಿ. ತುರ್ತುಪರಿಸ್ಥಿತಿಯ ಕಾಲದ ಈ ಕೊಡುಗೆಯನ್ನು ಪರಿಸರಾಸಕ್ತರು ಸಾಮಾನ್ಯವಾಗಿ ಅರ್ಧ ಮಾತ್ರ ನೆನಪಿಟ್ಟುಕೊಳ್ಳುತ್ತಾರೆ.

ಹೀಗೆ 1949ರ ನವೆಂಬರ್ 26ರಂದು 395 ವಿಧಿಗಳ, 8 ಅನುಸೂಚಿಗಳ ಸಂವಿಧಾನ ಅಂಗೀಕಾರವಾಯಿತು. ಹಿಂದಿನ ದಿನ ಅಂಬೇಡ್ಕರ್, ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಜೀವನದಲ್ಲಿ ಅಸಮಾನತೆ ಎಂಬ ವಿರೋಧಾಭಾಸದೊಳಗೆ ದೇಶ ಕಾಲಿಡುತ್ತಿದೆಯೆಂದು ಎಚ್ಚರಿಸಿದ್ದರು.

ಸಂತಾನಂ ಅವರ ತಿದ್ದುಪಡಿ ಬಹಳ ಕಾಲ ಅಟ್ಟದ ಮೇಲೆಯೇ ಇತ್ತು. 1957ರಲ್ಲಿ ಬಲವಂತರಾಯ್ ಮೆಹ್ತಾ ಸಮಿತಿ ಅದನ್ನು ಕೆಳಗಿಳಿಸಲು ಹೇಳಿತು. ಕರ್ನಾಟಕದಲ್ಲಿ 1983ರ ಕಾಯಿದೆಯಿಂದ, ಅಬ್ದುಲ್ ನಜೀರ್ ಸಾಬರ ಆಸ್ಥೆಯಿಂದ, ಮಂಡಲ ಪಂಚಾಯತಿಗಳಿಗೂ ಜಿಲ್ಲಾ ಪರಿಷತ್ತುಗಳಿಗೂ ನಿಜವಾದ ಅಧಿಕಾರ ಬಂದ ಕೆಲವು ವರ್ಷಗಳಿದ್ದವು; 1987ರಲ್ಲಿ ಅವುಗಳ ಚುನಾವಣೆ ನಡೆಯಿತು. ರಾಷ್ಟ್ರಮಟ್ಟದಲ್ಲಿ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಾಗ ಗ್ರಾಮಸಭೆಗೆ ಸಂವಿಧಾನದಲ್ಲಿ ಹೆಸರು ಸಿಕ್ಕಿತು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಮೀಸಲಾತಿಯೂ ಅದರಲ್ಲೇ ಬಂತು. ಅಂದರೆ ಅಂಬೇಡ್ಕರ್ ಅವರ ಆತಂಕಕ್ಕೆ ಕಾಮತ, ರಂಗಾ ಅವರು ಕೊಡದಿದ್ದ ಉತ್ತರದ ಒಂದು ಭಾಗವಾದರೂ 45 ವರ್ಷ ತಡವಾಗಿ ದೊರೆಯಿತು. ಐದು ವರ್ಷಕ್ಕೊಮ್ಮೆ ಚುನಾವಣೆ ನಡೆಸಲೇಬೇಕು. ಆ ಪದ ಗಟ್ಟಿಯಾದುದು. ಅಧಿಕಾರ ವಹಿಸಿಕೊಡುವ 243ಜಿ ವಿಧಿಯಲ್ಲಿ ಮಾತ್ರ ರಾಜ್ಯದ ಶಾಸಕಾಂಗವು ವಹಿಸಿಕೊಡಬಹುದು ಎಂದಿದೆ. ವಿದ್ಯಾರ್ಥಿಗಳು ಈ ಒಂದು 'ಬಹುದು' ಎಂಬ ಪದವನ್ನು ಸಂವಿಧಾನದ ಪ್ರತಿಯಲ್ಲಿ ಹುಡುಕಿ ನೋಡಬೇಕು. ಮೊದಲು ಹೇಳಿದ ಹಿಂಬರಹ ಹುಟ್ಟುವುದು ಅಲ್ಲಿಂದ.

1996ರ ಪೆಸಾ ಕಾಯಿದೆ ಗ್ರಾಮಸಭೆಗೆ ಇನ್ನೂ ಹೆಚ್ಚಿನ ಬಲ ಕೊಟ್ಟಿತು, ಆದರೆ ಅದು ಅನ್ವಯಿಸುವುದು 5ನೆಯ ಅನುಸೂಚಿಯ ಪ್ರದೇಶಗಳಿಗೆ ಮಾತ್ರ. ಕರ್ನಾಟಕದಲ್ಲಿ ಅಂತಹ ಪ್ರದೇಶವಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಗೆ ಆ ಮಿತಿ ಇಲ್ಲ. ಅದರಲ್ಲಿ ಹಕ್ಕನ್ನು ಗುರುತಿಸುವ ಕೆಲಸ ಆರಂಭವಾಗಬೇಕಾದದ್ದು ಗ್ರಾಮಸಭೆಯಿಂದ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಸಾಮುದಾಯಿಕ ಅರಣ್ಯ ಹಕ್ಕನ್ನು ಪಡೆದದ್ದು ಇದರ ಅಡಿಯಲ್ಲಿ. 2013ರಲ್ಲಿ ಒಡಿಶಾದ ನಿಯಮಗಿರಿಯ 12 ಗ್ರಾಮಸಭೆಗಳು ಸುಪ್ರೀಂ ಕೋರ್ಟಿನ ತೀರ್ಪಿನಂತೆ ಸೇರಿ ಬಾಕ್ಸೈಟ್ ಗಣಿಯನ್ನು ತಿರಸ್ಕರಿಸಿದವು. ಹನ್ನೆರಡೂ ಬೇಡವೆಂದವು.

ಮಲೆನಾಡಿನ ಬಹುಪಾಲು ಕುಟುಂಬಗಳು ಬುಡಕಟ್ಟಿನವಲ್ಲ. ಈ ಕಾಯಿದೆಯ ಭಾಷೆಯಲ್ಲಿ ಅವರು ಇತರೆ ಪಾರಂಪರಿಕ ಅರಣ್ಯವಾಸಿಗಳು. 2005ರ ಡಿಸೆಂಬರ್ 13ಕ್ಕಿಂತ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಆ ನೆಲದಲ್ಲಿ ನೆಲೆಸಿದ್ದುದನ್ನು ಅವರು ತೋರಿಸಬೇಕು. ಲೆಕ್ಕ ಹಾಕಿದರೆ 1930ಕ್ಕೆ ಹೋಗಬೇಕಾಗುತ್ತದೆ, ಸಂವಿಧಾನ ರಚನಾ ಸಭೆ ಸೇರುವುದಕ್ಕೂ 16 ವರ್ಷ ಹಿಂದಕ್ಕೆ. ಆ ಕಾಲದ ಕಾಗದಗಳನ್ನು ಇಟ್ಟುಕೊಂಡಿದ್ದುದು ಅರಣ್ಯ ಮತ್ತು ಕಂದಾಯ ಇಲಾಖೆಗಳು, ಹಳ್ಳಿಯಲ್ಲ. ಅರ್ಜಿ ತಿರಸ್ಕೃತವಾದ ಅನೇಕ ಮನೆಗಳಿಗೆ ಈ ಮಾತಿನ ಅರ್ಥ ವಿವರಿಸಬೇಕಾಗಿಲ್ಲ. ಆದರೆ ಈ ಕಾಯಿದೆಯ 13ನೆಯ ನಿಯಮವನ್ನು ಪೂರ್ತಿ ಓದಬೇಕು. ಸಾಕ್ಷ್ಯಗಳ ಪಟ್ಟಿಯಲ್ಲಿ ಸರ್ಕಾರಿ ದಾಖಲೆಗಳ ಜೊತೆಗೆ, ಮನೆ, ಗುಡಿಸಲು, ಬಾವಿ, ಸಮಾಧಿಯಂತಹ ಗುರುತುಗಳೂ ಇವೆ. ಅರ್ಜಿದಾರರಲ್ಲದ ಊರಿನ ಹಿರಿಯರು ಹೇಳಿ ಬರೆಸಿದ ಹೇಳಿಕೆಯೂ ಇದೆ. ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಬೇಕು. ಆ ಹಿರಿಯರ ಹೇಳಿಕೆಯನ್ನು ಬರೆದುಕೊಳ್ಳುವ ಕೆಲಸವನ್ನು, ಅವರು ಇರುವಾಗಲೇ, ಯಾವ ಊರಿನ ವಿದ್ಯಾರ್ಥಿಗಳು ಬೇಕಾದರೂ ಆರಂಭಿಸಬಹುದು.